ಕಟಕಟೆಯಲ್ಲಿ ಐದು ನಿಮಿಷ

ಐಸ್ ಹಾಕಿಯಲ್ಲಿ ಇಬ್ಬರು ಬಡಿದಾಡಿಕೊಂಡರೆ ಬಿಡಿಸುವುದು ರೆಫರಿಯ ಕೆಲಸ ಎಂದು ಹೊರಗಿನವರು ತಿಳಿದಿದ್ದಾರೆ. ತಪ್ಪು. ರೆಫರಿಯ ಕೆಲಸ ದೂರ ನಿಂತು ನೋಡುವುದು. ಬಿಡಿಸುವುದು ಲೈನ್ಸ್‌ಮನ್‌ಗಳ ಪಾಡು; ಅದೂ ಇಬ್ಬರಿಗೂ ಸುಸ್ತಾದ ಮೇಲೆ, ಇಲ್ಲವೇ ಒಬ್ಬ ಬಿದ್ದ ಮೇಲೆ. ಅದಕ್ಕೆ ಮುಂಚೆ ನಡುವೆ ಹೋದರೆ ಇಬ್ಬರ ಏಟೂ ಅವರಿಗೇ. ಯಾರು ಮೊದಲು ಕೈಗವಸು ಬಿಸಾಡಿದ, ಯಾರು ಹೆಲ್ಮೆಟ್ ಕಿತ್ತ, ಮೂರನೆಯವನು ಯಾವನಾದರೂ ಮೂಗು ತೂರಿಸಿದನೇ ಎಂದು ನಾನು ಕಣ್ಣಿಟ್ಟಿರುತ್ತೇನೆ. ಮೂರನೆಯವನಿಗೆ ಕ್ಷಮೆಯಿಲ್ಲ, ಸೀದಾ ಮನೆಗೆ. ಜಗಳವಾಡಿದ ಇಬ್ಬರಿಗೆ ತಲಾ ಐದು ನಿಮಿಷ ಐಸ್ ಅಂಚಿನ ಶಿಕ್ಷೆಯ ಕಟಕಟೆ. ಗಾಜಿನ ಆಚೆ ಒಬ್ಬ, ಈಚೆ ಒಬ್ಬ. ಮೂಗಿಗೆ ಹತ್ತಿ ತುರುಕಿಕೊಂಡು ಮಕ್ಕಳ ಶಾಲೆ, ಸೊಂಟನೋವು ಎಂದು ಹರಟುತ್ತ ಕೂರುತ್ತಾರೆ.

ನಾನು ಓಮೆರ್. ವಾರವೆಲ್ಲ ಮಾಂಸದಂಗಡಿ, ಶುಕ್ರವಾರ ಶನಿವಾರ ಸಂಜೆ ರೆಫರಿ. ನಮ್ಮ ಕ್ವಿಬೆಕ್‌ನ ಈ ಪುಟ್ಟ ಲೀಗಿನಲ್ಲಿ ಆಟಗಾರರಿಗೆ ಸಂಬಳವೇನೋ ಉಂಟು, ಆದರೆ ಅದೊಂದರಿಂದಲೇ ಯಾರ ಹೊಟ್ಟೆಯೂ ತುಂಬುವುದಿಲ್ಲ.

ನಮ್ಮೂರು ಸೇಂತ್-ಒಡೀಲ್‌ನ ತಂಡದ ರೇಜಾನ್ ಪೆಲ್ತಿಯೆ ಹಗಲು ಹೊತ್ತು ಪುರಸಭೆಯ ಹಿಮ ತಳ್ಳುವ ಲಾರಿ ಓಡಿಸುತ್ತಾನೆ. ಆಳು ಬಾಗಿಲಷ್ಟು ಅಗಲ. ತಂಡಕ್ಕೆ ಅವನನ್ನು ಸೇರಿಸಿಕೊಂಡದ್ದೇ ಹೊಡೆದಾಡಲಿಕ್ಕೆ. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಗೋಲು ಅವನ ಹೆಸರಿನಲ್ಲಿಲ್ಲ. ಇರುವುದಾದರೂ ಹೇಗೆ? ಕೋಚ್ ಅವನನ್ನು ಐಸ್‌ಗೆ ಇಳಿಸುತ್ತಿದ್ದದ್ದು ಜಗಳಕ್ಕೆ. ಇಳಿದವನು ಉಸಿರು ಬಿಡುವಷ್ಟರಲ್ಲಿ ಜಗಳ ತೆಗೆಯುತ್ತಿದ್ದ. ಮರುಕ್ಷಣ ನಾನು ಅವನನ್ನು ಕಟಕಟೆಗೆ ಅಟ್ಟುತ್ತಿದ್ದೆ.

ಅವನ ತಾಯಿ ಮದಾಮ್ ಫ್ಲೋರೆಟ್ ಒಂದು ಆಟವನ್ನೂ ತಪ್ಪಿಸಿದವರಲ್ಲ. ಒಂದು ಆಟವನ್ನೂ ನೋಡಿದವರೂ ಅಲ್ಲ. ಮಗ ಐಸ್‌ಗೆ ಇಳಿದ ಕೂಡಲೇ ಕಣ್ಣು ಬಿಗಿಯಾಗಿ ಮುಚ್ಚಿ ಜಪಸರ ಹಿಡಿಯುತ್ತಾರೆ. ಕಟಕಟೆಯ ಬಾಗಿಲು ಧಡ್ ಎಂದು ಮುಚ್ಚಿದ ಸದ್ದು ಕೇಳಿದಾಗಲೇ ಕಣ್ಣು ಬಿಡುವುದು. ಅದಕ್ಕೆಂದೇ ಅವರ ಸೀಟು ಕಟಕಟೆಯ ಎದುರು ಸಾಲಿನಲ್ಲಿದೆ. ಮಗನ ಹಲ್ಲುಗಳು ಜಾಗದಲ್ಲಿವೆಯೇ ಎಂದು ನೋಡಿ, ಸಮಾಧಾನವಾಗಿ ಕೈ ಬೀಸುತ್ತಾರೆ. ಪ್ರತಿ ಕ್ರಿಸ್‌ಮಸ್‌ಗೂ ನನ್ನ ಅಂಗಡಿಗೆ ಕೆನೆ-ಸಕ್ಕರೆ ಮಿಠಾಯಿಯ ಡಬ್ಬಿ ತಂದು ಕೊಡುತ್ತಾರೆ.

“ನಿನ್ನ ದಯೆ ಕಣಪ್ಪಾ ಓಮೆರ್. ಐದೈದು ನಿಮಿಷ ಅವನ್ನ ಕೂರಿಸ್ತೀಯಲ್ಲ, ನಂಗೆ ಉಸಿರಾಡೋಕಾಗೋದು ಆವಾಗ್ಲೇ.”

“ಮದಾಮ್, ಅದು ಶಿಕ್ಷೆ.”

“ಇರ್ಲಿ ಬಿಡು. ಇನ್ನೂ ಸ್ವಲ್ಪ ಜಾಸ್ತಿ ಕೊಡು.”

ಈ ಸಲ ಚಳಿಗಾಲ ಮುಗಿಯುತ್ತ ಬಂದಾಗ ತಂಡದವರು ರೇಜಾನ್‌ಗೆ, ಮುಂದಿನ ವರ್ಷ ಬರುವುದು ಬೇಡ, ಎಂದರು. ಅವನ ಕೊನೆಯ ಆಟಕ್ಕೆ ರೆಫರಿ ನಾನೇ. ಆಟಕ್ಕೆ ಮುಂಚೆ ಸ್ಕೇಟಿನ ದಾರ ಬಿಗಿಯುತ್ತ ಕೂತಿದ್ದೆ. ಅವನು ಬಂದು ಬಾಗಿಲು ತುಂಬಿ ನಿಂತ.

“ಓಮೆರಣ್ಣ, ಒಂದ್ ಮಾತು.”

“ಲಂಚ ಆದ್ರೆ ಬೇಗ ಹೇಳು.”

“ತಮಾಷೆ ಬೇಡ. ಕೋಚ್ ಹತ್ರ ಕಾಡಿ ಬೇಡಿ ಒಪ್ಸಿದೀನಿ. ಜಗಳ ಆಡದೇ ಇದ್ರೆ ಇವತ್ತು ಎಲ್ರ ಥರ ನನ್ನೂ ಸರದಿ ಮೇಲೆ ಆಡಿಸ್ತಾನಂತೆ. ಅಮ್ಮನ ಕಣ್ಣೆದುರು ಒಂದ್ ಗೋಲು ಹೊಡೀಬೇಕು ಕಣಣ್ಣ. ಪಕ್ಕದ್ಮನೆಯವಳು ಅಮ್ಮಂಗೆ, ‘ನಿನ್ ಮಗ ಎಲ್ಲಿಯ ಆಟಗಾರ, ಬರೀ ಗೂಂಡಾ’ ಅಂದ್ಲಂತೆ. ಅಮ್ಮ ಎರಡು ದಿನ ಬಟಾಣಿ ಸೂಪ್ ಮುಟ್ಲಿಲ್ಲ.”

“ಹೊಡಿ. ಬೇಡ ಅಂದೋರ್ಯಾರು? ಗೋಲಲ್ಲಿ ನಾನೇನು ನಿಂತಿದೀನಾ?”

“ಜೆನೋ ಬಂದಿದಾನಲ್ಲ.”

ಅಲ್ಲಿತ್ತು ಸಂಕಟ. ಜೆನೋ ಎದುರಾಳಿ ತಂಡದ ಹೊಡೆದಾಟಗಾರ. ಊರಲ್ಲಿ ಹಾಲಿನ ಹಸು ಸಾಕಿಕೊಂಡಿರುವ ಸಾಧು ಮನುಷ್ಯ. ಹೋದ ಸಲ ಇಬ್ಬರೂ ಬಡಿದಾಡುವಾಗ, ಪ್ರೇಕ್ಷಕ ಮಹಾಶಯನೊಬ್ಬ ಎಸೆದ ಹಾಟ್ ಡಾಗ್ ಮೇಲೆ ಜೆನೋ ಕಾಲಿಟ್ಟು ಜಾರಿ ಬಿದ್ದ. ಗೆಲುವು ರೇಜಾನ್‌ನದಾಯಿತು. ಅಂಥ ಗೆಲುವು ಗೆಲುವಲ್ಲ. ಬಿದ್ದವನು ಮತ್ತೊಮ್ಮೆ ಬಾ ಎಂದರೆ ಹೋಗಲೇಬೇಕು. ಇದು ಯಾವ ನಿಯಮದ ಪುಸ್ತಕದಲ್ಲೂ ಇಲ್ಲ, ಆದರೆ ಮುರಿದವನನ್ನು ನಾನು ಕಂಡಿಲ್ಲ. ಹೋದರೆ ಮಾತ್ರ ಐದು ನಿಮಿಷ ಕಟಕಟೆ. ಆಮೇಲೆ ಕೋಚ್ ಅವನನ್ನು ಬೆಂಚಿನಿಂದ ಏಳಿಸುವುದಿಲ್ಲ. ಗೋಲಿನ ಆಸೆಗೆ ಎಳ್ಳುನೀರು.

“ಐದರ ಬದ್ಲು ಎರಡೇ ನಿಮಿಷ ಕೊಡ್ಬೋದಲ್ಲಾ ನೀನು?” ಎಂದ ರೇಜಾನ್.

“ಕಿಲೋ ಮಾಂಸದಲ್ಲಿ ಅರ್ಧ ಕಿಲೋ ಎತ್ತಿಟ್ಟು ತೂಗು ಅಂದಂಗಾಯ್ತು. ಜಗಳಕ್ಕೆ ಐದು. ನಮ್ಮಪ್ಪ ಬಂದು ಆಡಿದ್ರೂ ಐದು. ನಡಿ.”

ಆಟ ಶುರುವಾಯಿತು. ಇಬ್ಬರೂ ಅಕ್ಕಪಕ್ಕ ಬಂದಾಗ ಜೆನೋ ಮೆಲ್ಲಗೆ ಕೇಳಿದ, “ಏನಪ್ಪಾ, ಆ ಹಳೇ ಬಾಕಿ?”

“ಕೊಡ್ತೀನಿ ತಡಿ. ಒಂದ್ ಗೋಲು ಹೊಡ್ಕೊಂಡ್ ಬರ್ತೀನಿ.”

“ಹಂಗಾದ್ರೆ ನನ್ನ ಮೊಮ್ಮಕ್ಕಳು ವಸೂಲಿ ಮಾಡ್ಕೋಬೇಕು ಬಿಡು.”

ಜೆನೋ ತಪ್ಪೇನೂ ಹೇಳಿರಲಿಲ್ಲ. ರೇಜಾನ್ ಮೊದಲ ಸಲ ಬಿಲ್ಲೆಗೆ ಬೀಸಿದಾಗ ಕೋಲು ಎರಡು ತುಂಡಾಯಿತು. ಎರಡನೆಯ ಸಲ ಆ ಕರಿ ರಬ್ಬರ್ ಬಿಲ್ಲೆ ಗೋಲು ಬಿಟ್ಟು ಎಲ್ಲೆಲ್ಲೋ ಹೋಗಿ ನಮ್ಮದೇ ಲೈನ್ಸ್‌ಮನ್‌ನ ಮೊಣಕಾಲಿಗೆ ಬಡಿಯಿತು. ಜನ ನಕ್ಕರು. ಅವನ ತಾಯಿ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದರು.

ಕೊನೆಯ ಭಾಗಕ್ಕೆ ಮುಂಚಿನ ವಿರಾಮದಲ್ಲಿ ನೀರು ಕುಡಿಯಲು ಓಣಿಗೆ ಬಂದೆ. ಎದುರಾಳಿಗಳ ಕೋಣೆಯ ಬಾಗಿಲಲ್ಲಿ ಮದಾಮ್ ಫ್ಲೋರೆಟ್ ಮಿಠಾಯಿ ಡಬ್ಬಿ ಹಿಡಿದು ನಿಂತಿದ್ದರು. ಎದುರಿಗೆ ತಲೆ ಬಗ್ಗಿಸಿಕೊಂಡು ಜೆನೋ.

“ಹಸುಗಳೆಲ್ಲ ಚೆನ್ನಾಗಿದಾವೇನಪ್ಪಾ?”

“ಚೆನ್ನಾಗಿದಾವೆ ಮದಾಮ್.”

“ತಗೋ, ತಿನ್ನು. ನನ್ ಮಗ ಗೋಲು ಹೊಡೆಯೋವರ್ಗೂ ಅವ್ನ ಮೈಮೇಲೆ ಕೈ ಹಾಕ್ಬೇಡ. ಆಮೇಲೆ ನಿಮ್ಮಿಬ್ರ ಹಣೇಬರಹ.”

“ಅವ್ನು ಗೋಲು ಹೊಡೆಯೋ ಹೊತ್ಗೆ ನನ್ ಹಸುಗಳೆಲ್ಲ ಮುದಿಯಾಗಿರ್ತಾವೆ ಮದಾಮ್.”

“ಇನ್ನೊಂದ್ ತಗೋ.”

ಜೆನೋ ಇನ್ನೊಂದು ತೆಗೆದುಕೊಂಡ. ಬಾಯಿ ತುಂಬಿದ್ದರಿಂದ ತಲೆ ಮಾತ್ರ ಆಡಿಸಿದ. ಮದಾಮ್ ನನ್ನನ್ನು ನೋಡಿದರು. “ಇವತ್ತು ಕಣ್ ಬಿಟ್ಕೊಂಡೇ ಕೂರ್ತೀನಿ ಓಮೆರ್, ಆಣೆಗೂ. ಇದ್ಯಾವ್ದೂ ಅವ್ನಿಗೆ ಹೇಳ್ಬೇಡ, ನಾಚ್ಕೋತಾನೆ.” ನಾನು ಹೇಳಲಿಲ್ಲ. ರೆಫರಿಯಾದವನು ಆಟಗಾರನ ಕಿವಿಯಲ್ಲಿ ಪಿಸುಗುಟ್ಟುವಂತಿಲ್ಲವಲ್ಲ.

ಹೇಳದಿದ್ದದ್ದೇ ತಾಪತ್ರಯವಾಯಿತು. ಆಟ ಸಮಸಮವಾಗಿತ್ತು, ಮುಗಿಯಲು ಹತ್ತು ನಿಮಿಷವೂ ಇರಲಿಲ್ಲ. ಇನ್ನು ಗೋಲು ತನ್ನ ಹಣೆಯಲ್ಲಿ ಬರೆದಿಲ್ಲ, ಬಾಕಿಯನ್ನಾದರೂ ಉಳಿಸಿಕೊಂಡು ಹೋಗುವುದು ಬೇಡ ಎಂದುಕೊಂಡನೇನೋ, ರೇಜಾನ್ ಸೀದಾ ಜೆನೋನ ಮುಂದೆ ನಿಂತು ಕೈಗವಸು ಬಿಸಾಡಿದ.

“ಬಾ, ತೀರಿಸ್ಬಿಡ್ತೀನಿ.”

“ಈಗ ಬೇಡ,” ಎಂದ ಜೆನೋ.

“ಬೇಡ್ವಾ? ಆಗಿಂದ ಪ್ರಾಣ ತಿಂತಿದ್ದೆ?”

“ಬೇಡ ಅಂದ್ನಲ್ಲ ಮಾರಾಯ.”

ರೇಜಾನ್ ಒಂದು ಗುದ್ದು ಕೊಟ್ಟ. ಜೆನೋ ತಲೆ ತಗ್ಗಿಸಿ ಕೋಲನ್ನು ಎದೆಗವಚಿಕೊಂಡು ನಿಂತನೇ ಹೊರತು ಕೈಗವಸು ಬಿಚ್ಚಲಿಲ್ಲ. “ಆಮೆ! ಆಮೆ!” ಎಂದು ಇಡೀ ಕ್ರೀಡಾಂಗಣ ಕೂಗಿತು. ಹೊಡೆದಾಟಗಾರನಿಗೆ ಇದಕ್ಕಿಂತ ಕೆಟ್ಟ ಹೆಸರು ನಮ್ಮಲ್ಲಿ ಇನ್ನೊಂದಿಲ್ಲ. ಜೆನೋನ ಸ್ವಂತ ತಂಡದವರೇ ಮುಖ ತಿರುಗಿಸಿದರು. ಅವನ ಕಿವಿಗಳು ಕೆಂಪಾಗಿದ್ದವು. ಎರಡು ತುಂಡು ಮಿಠಾಯಿಗೆ ಆ ಮನುಷ್ಯ ತನ್ನ ಮಾನವನ್ನೇ ಒತ್ತೆ ಇಟ್ಟಿದ್ದ. ನನಗೆ ಅವನ ಮೇಲೆ ಅಷ್ಟು ಗೌರವ ಹಿಂದೆಂದೂ ಬಂದಿರಲಿಲ್ಲ.

ಕೈಗವಸು ಬಿಚ್ಚದೆ ನಿಂತವನನ್ನು ಹೊಡೆದರೆ ಅದು ಜಗಳವಲ್ಲ, ಒರಟಾಟ. ಹೊಡೆದವನೊಬ್ಬನಿಗೇ ಎರಡು ನಿಮಿಷ. ಸೀಟಿ ಊದಿ ರೇಜಾನ್‌ನತ್ತ ಕೈ ತೋರಿಸಿದೆ.

“ಎರಡಾ? ಕೇಳ್ದಾಗ ಕೊಡ್ಲಿಲ್ಲ, ಬೇಡದಿದ್ದಾಗ ಕೊಡ್ತೀಯ!” ಎಂದು ಅವನು ಕಿರುಚಿದ. ನಮ್ಮಲ್ಲಿ ಬೈಗುಳವೆಲ್ಲ ಚರ್ಚಿನ ಪಾತ್ರೆಪಗಡೆಗಳ ಹೆಸರಿನಲ್ಲಿ. ಕಟಕಟೆ ಸೇರುವಷ್ಟರಲ್ಲಿ ಅವನು ನನ್ನ ಮೇಲೆ ಒಂದು ಪೂರ್ತಿ ಚರ್ಚನ್ನೇ ಎತ್ತಿಹಾಕಿದ್ದ.

ಆದರೆ ಆ ಎರಡು ನಿಮಿಷದಲ್ಲಿ ಒಂದು ಗುಟ್ಟಿದೆ. ಇಬ್ಬರೂ ಜಗಳವಾಡಿ ಕೂತರೆ, ಶಿಕ್ಷೆ ಮುಗಿದರೂ ಆಟ ನಿಲ್ಲುವ ತನಕ ಹೊರಬರುವಂತಿಲ್ಲ. ಒಬ್ಬನೇ ಕೂತರೆ ಹಾಗಲ್ಲ. ಹೊತ್ತು ಮುಗಿಯುತ್ತಲೇ ಆಟದ ನಡುವೆಯೇ ಬಾಗಿಲು ತೆರೆಯುತ್ತದೆ. ಎದುರಾಳಿಗಳೆಲ್ಲ ನಮ್ಮೂರಿನವರ ಗೋಲಿಗೆ ಮುತ್ತಿಗೆ ಹಾಕಿದ್ದರು. ಯಾರೋ ಗಾಬರಿಯಲ್ಲಿ ಬಿಲ್ಲೆಯನ್ನು ದೂರ ಬಡಿದಟ್ಟಿದರು. ಅದು ಗೋಡೆಗುಂಟ ಜಾರುತ್ತ ಬಂತು. ಅಷ್ಟರಲ್ಲಿ ಕಟಕಟೆಯ ಬಾಗಿಲು ತೆರೆಯಿತು, ರೇಜಾನ್ ಹೊರಗೆ ಕಾಲಿಟ್ಟ, ಬಿಲ್ಲೆ ಬಂದು ಅವನ ಕೋಲಿಗೆ ತಗುಲಿ ನಿಂತಿತು.

ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಇಡೀ ಜೀವನದಲ್ಲಿ ರೇಜಾನ್‌ನ ಮುಂದೆ ಹೊಡೆಯಲು ಯಾರೂ ಇಲ್ಲದ್ದು ಅದೇ ಮೊದಲು. ಒಂದು ಕ್ಷಣ ಕಂಗಾಲಾದ. “ಓಡೋ!” ಎಂದು ಕೋಚ್ ಅರಚಿದ. ಓಡಿದ. ಬೆನ್ನಟ್ಟಿದವನು ಜೆನೋ. ಎಷ್ಟು ಮನಸ್ಸಿಟ್ಟು ಬೆನ್ನಟ್ಟಿದನೋ, ಅದನ್ನು ಅಳೆಯುವ ನಿಯಮ ನನ್ನ ಬಳಿ ಇಲ್ಲ. ಗೋಲಿನ ಹತ್ತಿರ ಹೋಗಿ ರೇಜಾನ್ ಕೋಲು ಬೀಸಿದ. ಕೋಲು ಐಸ್‌ಗೆ ಬಡಿಯಿತು, ಬಿಲ್ಲೆ ಅಲ್ಲೇ ಉಳಿಯಿತು, ಅವನು ಮುಗ್ಗರಿಸಿ ಹೊಟ್ಟೆಯ ಮೇಲೆ ಜಾರಿದ. ಆ ಬೀಸನ್ನು ನಂಬಿ ಗೋಲ್‌ಕೀಪರ್ ಆಗಲೇ ಒಂದು ಬದಿಗೆ ಹಾರಿದ್ದ; ಬಿಲ್ಲೆ ರೇಜಾನ್‌ನ ಎದೆಗೆ ತಗುಲಿ ಮೆಲ್ಲಗೆ ಗೆರೆ ದಾಟಿತು. ಅದರ ಹಿಂದೆ ರೇಜಾನ್. ಅವನ ಹಿಂದೆ ಅವನ ಹೆಲ್ಮೆಟ್.

ಕಾಲಿನಿಂದ ಒದ್ದಿರಲಿಲ್ಲ, ಕೈಯಿಂದ ತಳ್ಳಿರಲಿಲ್ಲ. ಗೋಲು! ನಾನು ಬಲೆಯತ್ತ ಬೊಟ್ಟು ಮಾಡಿ ತೋರಿಸಿ, ಪ್ರೇಕ್ಷಕರತ್ತ ತಿರುಗಿದೆ. ಮದಾಮ್ ಫ್ಲೋರೆಟ್ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದರು, ತುಟಿ ಅಲ್ಲಾಡುತ್ತಿತ್ತು. ಮಗ ಕಟಕಟೆಯಿಂದ ಹೊರಬಿದ್ದೊಡನೆ ಆಣೆ ಮರೆತುಹೋಗಿ ರೆಪ್ಪೆಗಳು ತಾವಾಗಿಯೇ ಮುಚ್ಚಿಕೊಂಡಿದ್ದವು. ಗದ್ದಲಕ್ಕೆ ಕಣ್ಣು ಬಿಟ್ಟಾಗ ಕಂಡದ್ದು, ಮಗನ ಮೇಲೆ ಗುಂಪಾಗಿ ಬಿದ್ದು ಅವನ ತಲೆಗೆ ಬಡಿಯುತ್ತಿರುವ ಅವನದೇ ತಂಡ.

“ಓಮೆರ್! ನಿನ್ ಕಣ್ಣೇನು ಕುರುಡಾ? ಎಲ್ರೂ ಸೇರ್ಕೊಂಡ್ ಹೊಡೀತಿದಾರೆ! ಅಷ್ಟೂ ಜನಾನೂ ಕೂರ್ಸು!”

ಪಕ್ಕದಲ್ಲಿದ್ದವರು ಕಿವಿಯಲ್ಲಿ ಏನೋ ಹೇಳಿದರು. ಮದಾಮ್ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ರೇಜಾನ್ ಎದ್ದು ಗಾಜಿನ ಹತ್ತಿರ ಓಡಿ ಬಂದ.

“ಅಮ್ಮಾ! ನೋಡ್ದ್ಯಾ?”

“ನೋಡ್ದೆ ಮಗಾ! ಪೂರ್ತಿ ನೋಡ್ದೆ!”

“ಹೆಂಗಿತ್ತು?”

“ಅಬ್ಬಬ್ಬಾ! ಎಷ್ಟ್ ಎತ್ತರಕ್ ಹೋಯ್ತೋ!”

ರೇಜಾನ್ ನಕ್ಕು ತಲೆಯಾಡಿಸಿದ. ಮೊದಲ ಗೋಲಿನ ಬಿಲ್ಲೆ ಹೊಡೆದವನಿಗೇ ಸೇರಬೇಕೆಂಬುದು ಎಲ್ಲೆಡೆಯ ಪದ್ಧತಿ. ಲೈನ್ಸ್‌ಮನ್ ಅದನ್ನು ತಂದು ಕೊಟ್ಟ. ಅವನು ಅದನ್ನು ಅಂಗಿಯೊಳಗೆ ಸೇರಿಸಿಕೊಂಡು ನಡುಗೆರೆಗೆ ಬಂದ.

“ಗೋಲಾಯ್ತಲ್ಲ,” ಎಂದ ಜೆನೋ. “ಈಗ?”

“ಈಗ.”

ನಾಲ್ಕು ಕೈಗವಸುಗಳೂ ಒಟ್ಟಿಗೆ ಬಿದ್ದವು. ಚೊಕ್ಕ ಜಗಳ, ಹಾಟ್ ಡಾಗ್ ಯಾರೂ ಎಸೆಯಲಿಲ್ಲ. ಕೊನೆಗೆ ರೇಜಾನ್ ಕೆಳಗೆ, ಜೆನೋ ಮೇಲೆ, ಬಾಕಿ ಚುಕ್ತಾ. ಆಮೆ ಎಂದು ಕೂಗಿದ ಜನವೇ ಎದ್ದು ನಿಂತು ಜೆನೋಗೆ ಚಪ್ಪಾಳೆ ತಟ್ಟಿತು. ಲೈನ್ಸ್‌ಮನ್‌ಗಳು ಇಬ್ಬರನ್ನೂ ಬಿಡಿಸಿದರು.

ಆಟ ಮುಗಿಯಲು ಐದು ನಿಮಿಷವೂ ಇರಲಿಲ್ಲ. ಅಂಥ ಹೊತ್ತಿನಲ್ಲಿ ಜಗಳವಾಡಿದವರನ್ನು ನಾವು ಕಟಕಟೆಗೆ ಕಳಿಸುವುದಿಲ್ಲ. ಸುಮ್ಮನೆ ಕೂರಿಸಿ ಏನು ಪ್ರಯೋಜನ ಎಂದು ಸ್ನಾನಕ್ಕೆ ಕಳಿಸಿಬಿಡುತ್ತೇವೆ. ನಾನು ಒಳಗಿನ ದಾರಿ ತೋರಿಸಿದೆ. ರೇಜಾನ್ ಕದಲಲಿಲ್ಲ. ತುಟಿಯಿಂದ ರಕ್ತ ಸೋರುತ್ತಿತ್ತು.

“ರೂಮಿಗೆ ಬೇಡ ಅಣ್ಣ. ಕಟಕಟೆಗೇ ಕಳ್ಸು.”

“ಹುಚ್ಚಾ ನಿಂಗೆ? ಹೋಗಿ ಮೈ ತೊಳ್ಕೋ.”

“ಬಿಲ್ಲೆ ನೆಲಾನೇ ಬಿಡ್ಲಿಲ್ಲ, ಅಮ್ಮ ಎತ್ತರಕ್ ಹೋಯ್ತು ಅಂತಾಳೆ. ಅವಳು ನೋಡ್ಲಿಲ್ಲ ಅಣ್ಣ. ಅವಳು ಕಣ್ ಬಿಡೋದು ನಾನ್ ಅಲ್ಲಿ ಕೂತಾಗ್ಲೇ.”

ಇಷ್ಟು ವರ್ಷ ಇವನನ್ನು ಶಿಕ್ಷಿಸಿದ್ದೇನೆಂದುಕೊಂಡಿದ್ದ ನನ್ನ ತಲೆಗೆ ಏನು ಹೇಳಬೇಕು! ಎದೆಯುಬ್ಬಿಸಿ, ಎಲ್ಲರಿಗೂ ಕೇಳುವ ಹಾಗೆ “ಜಗಳ! ಇಬ್ಬರಿಗೂ ಐದು ನಿಮಿಷ!” ಎಂದು ಕೂಗಿ ಕಟಕಟೆಯತ್ತ ಕೈ ಚಾಚಿದೆ. ಲೈನ್ಸ್‌ಮನ್ ನನಗೆ ತಲೆ ಕೆಟ್ಟಿದೆ ಎನ್ನುವಂತೆ ನೋಡಿದ.

ಬಾಗಿಲು ಧಡ್ ಎಂದಿತು. ಎದುರು ಸಾಲಿನಲ್ಲಿ ಮದಾಮ್ ಫ್ಲೋರೆಟ್ ಕಣ್ಣು ಬಿಟ್ಟರು.

ರೇಜಾನ್ ಅಂಗಿಯೊಳಗಿನಿಂದ ಬಿಲ್ಲೆ ತೆಗೆದು, ಎರಡೂ ಕೈಯಲ್ಲಿ ಹಿಡಿದು ಗಾಜಿಗೆ ಒತ್ತಿದ. ಪಕ್ಕದ ಕಟಕಟೆಯಿಂದ ಜೆನೋ, ಊದಿದ ಮುಖದಲ್ಲಿ ನಗುತ್ತ, ಇವನೇ ಇವನೇ ಎಂದು ಬೊಟ್ಟು ಮಾಡಿ ತೋರಿಸುತ್ತಿದ್ದ. ಮದಾಮ್ ಎದ್ದು ನಿಂತರು. ಜಪಸರ ಮಡಿಲಿನಿಂದ ಜಾರಿ ಬಿತ್ತು, ಬಗ್ಗಿ ಎತ್ತಿಕೊಳ್ಳಲಿಲ್ಲ. ಕೈ ಬೀಸುವುದನ್ನೂ ಮರೆತು ಮಗನನ್ನೇ ನೋಡುತ್ತಿದ್ದರು.

ಆಟ ಮತ್ತೆ ಶುರು ಮಾಡಬೇಕಿತ್ತು. ನಾನು ಸ್ಕೇಟಿನ ದಾರ ಸಡಿಲವಾಗಿದೆ ಎಂದು ಬಗ್ಗಿ ಕೂತು, ಗಟ್ಟಿಯಾಗಿದ್ದ ದಾರವನ್ನು ಬಿಚ್ಚಿ ನಿಧಾನವಾಗಿ ಕಟ್ಟತೊಡಗಿದೆ. ಎರಡೂ ಬೆಂಚಿನ ಕೋಚ್‌ಗಳು ಚರ್ಚಿನ ಸಾಮಾನೆಲ್ಲ ಮುಗಿಸಿ ಪಾದ್ರಿಯವರೆಗೆ ಬಂದಿದ್ದರು. ಅವರ ಗಂಟಲನ್ನೂ ಮೀರಿ ಎದುರು ಸಾಲಿನಿಂದ ಕೂಗು ಕೇಳಿತು.

“ಓಮೆರ್! ಐದು ಸಾಲ್ದು ಕಣೋ! ಇನ್ನೂ ಸ್ವಲ್ಪ ಜಾಸ್ತಿ ಕೊಡು!”