ದೇವಿಕೊಪ್ಪದ ಉದಾಹರಣೆ

“ಮೂವತ್ತು ವರ್ಷ ಕುಡಗೋಲು ಹಿಡದ ಕೈ ಅವು, ಸಿಸ್ಟರ್. ಆರು ದಿವಸದ ಕ್ಲಾಸಿನ್ಯಾಗ ನೀವು ತಿದ್ತೀರೇನು?” ಎನ್ನುತ್ತ ಕೃಷ್ಣಾಜಿ ಕನ್ನಡಕ ತೆಗೆದು ಪ್ರಬಂಧದ ಮೇಲಿಟ್ಟರು.

ಎಪ್ಪತ್ತಾರರ ಬೇಸಿಗೆ. ಕಲಘಟಗಿಯ ಆರೋಗ್ಯ ಕೇಂದ್ರದ ಹಿಂದಿನ ಕೋಣೆಯಲ್ಲಿ, ನರ್ಸುಗಳಿಗೂ ಸೂಲಗಿತ್ತಿಯರಿಗೂ ಪಾಠ ಹೇಳುವ ಏಳೆಂಟು ಜನ ತಿಂಗಳ ಕೊನೆಯ ಶನಿವಾರ ಸೇರಿ ಒಂದು ಸಂಶೋಧನಾ ಪ್ರಬಂಧ ಓದುತ್ತಿದ್ದರು. ಒಬ್ಬರು ಅದರ ಪರ, ಒಬ್ಬರು ವಿರುದ್ಧ. ಆಮೇಲೆ ಪ್ರಬಂಧಕ್ಕೆ ಒಂದು ಬಿಳಿ ಹಾಳೆ ಹೊಲಿದು, ಚರ್ಚೆಯ ಸಾರ ಬರೆದು, ಬಸ್ಸಿನ ಕಂಡಕ್ಟರನ ಕೈಯಲ್ಲಿ ಸಂಶಿಗೆ ಕಳಿಸುವುದು. ಅಲ್ಲಿಯವರು ತಮ್ಮ ಮಾತು ಸೇರಿಸಿ ನವಲಗುಂದಕ್ಕೆ ದಾಟಿಸುವುದು.

ಈ ತಿಂಗಳು ಪರ ನಿಲ್ಲುವ ಸರದಿ ನರ್ಮದಾಳದು, ವಿರುದ್ಧ ನಿಲ್ಲುವುದು ಕೃಷ್ಣಾಜಿಯವರದು. ಕುದಿಸಿದ ಬ್ಲೇಡಿನಿಂದ ಹೊಕ್ಕಳಬಳ್ಳಿ ಕೊಯ್ದರೆ ಹಸುಗೂಸುಗಳು ಧನುರ್ವಾಯುವಿನಿಂದ ಸಾಯುವುದು ತಪ್ಪುತ್ತದೆ, ಹಳೆಯ ಸೂಲಗಿತ್ತಿಯರೂ ಇದನ್ನು ಕಲಿಯಬಲ್ಲರು ಎನ್ನುತ್ತಿತ್ತು ಪ್ರಬಂಧ. ಅವಳ ವಾದ ಬಿದ್ದರೆ ಸೂಲಗಿತ್ತಿಯರ ಕ್ಲಾಸೇ ನಿಲ್ಲುವುದೆಂದು ಕೇಂದ್ರದ ಡಾಕ್ಟರ್ ಪ್ರಭಂಜನ ಮೊದಲೇ ಹೇಳಿದ್ದರು. ಅವಳು ಒಂದೊಂದೇ ಅಂಕಿ ಓದಿದಂತೆ ಕೃಷ್ಣಾಜಿ ಒಂದೊಂದು ಸಲ ನಗುತ್ತಿದ್ದರು.

“ಅದು ಬ್ಯಾರೆ ಸೀಮಿ ಲೆಕ್ಕ. ನಮ್ಮ ಕಡೆ ಮುದುಕಿ ಒಬ್ಬಾಕಿ ಬದಲಾಗಿದ್ದು ತೋರಸ್ರಿ. ಒಬ್ಬಾಕಿ ಸಾಕು.”

“ಇದ್ದಾಳ್ರಿ,” ಎಂದಳು ನರ್ಮದಾ. “ಮಗಳ ಚೊಚ್ಚಲ ಹೆರಿಗಿ ತಾನ ಮಾಡಿದಾಕಿ. ಕುಡಗೋಲಿಲೆ ಕೊಯ್ದು ಬೂದಿ ಹಚ್ಚಿದ್ಲು. ಎಂಟನೇ ದಿವಸ ಕೂಸು ಸೆಟದು ಹೋತು. ದೇವರ ಕಾಟ ಅಂದ್ರು ಎಲ್ಲಾರೂ. ನಮ್ಮ ಕ್ಲಾಸಿನ್ಯಾಗ ಕೂತಾಗ ಆಕಿಗೆ ತಿಳೀತು, ತನ್ನ ಕೈಯಿಂದನ ಹೋತು ಅಂತ. ಅವತ್ತಿಂದ ಬ್ಲೇಡು ಕುದಿಸದ ಒಂದೂ ಹೆರಿಗಿ ಮುಟ್ಟಿಲ್ಲ.”

“ಊರು ಯಾವುದು? ಊರಿಲ್ಲ ಕೇರಿಲ್ಲ ಅಂದ್ರ ಅಜ್ಜಿ ಕಥಿ ಆತಲ್ರಿ, ಒಂದಾನೊಂದು ಊರಾಗ ಅಂತ.”

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನರ್ಮದಾಳ ಕಿವಿ ಬಿಸಿಯಾಯಿತು. ಕ್ಲಾಸಿನಲ್ಲಿ ಅದು ತಿಳಿದ ದಿನದ ಸಂಜೆ ಆ ಸೂಲಗಿತ್ತಿ, ಮೈಲಾರವ್ವ, ಬಸ್ಸಿನ ತನಕ ಜೊತೆಗೆ ನಡೆದು ಬಂದು, ಸೆರಗಿನ ತುದಿಯನ್ನು ಸುತ್ತುತ್ತ ಬಿಚ್ಚುತ್ತ ಹೇಳಿದ್ದಳು: “ರಾಮವ್ವಗ ಗೊತ್ತಾಗಬಾರದ್ರಿ ಬಾಯಾರ. ದೇವರು ಒಯ್ದ ಅಂತ ತಿಳಕೊಂಡಾಳ ನನ್ನ ಮಗಳು.” ನರ್ಮದಾ ಅವಳ ಕೈ ಹಿಡಿದು ಆಗಲಿ ಎಂದಿದ್ದಳು. ಅಜ್ಜಿ ಕಥೆಯೊಂದರಲ್ಲಿ, ಬಾಯಲ್ಲಿ ಮುತ್ತಿಟ್ಟುಕೊಂಡು ಏಳು ಊರು ದಾಟಬೇಕಾದ ಹುಡುಗಿ ಏಳನೆಯ ಊರಿನ ಅಗಸಿ ಬಾಗಿಲಲ್ಲಿ ಮಾತಾಡಿಬಿಟ್ಟ ಹಾಗೆ, ಈಗ ಅವಳ ಬಾಯಿ ತೆರೆಯಿತು.

“ದೇವಿಕೊಪ್ಪ.”

ಹೆಸರು ಹೇಳಲಿಲ್ಲವಲ್ಲ ಎಂದು ಅವಳಿಗೆ ಸಮಾಧಾನ. ಡಾಕ್ಟರು ಊರಿನ ಸಮೇತ ಎಲ್ಲವನ್ನೂ ತಾವೇ ಬಿಳಿ ಹಾಳೆಯ ಮೇಲೆ ಬರೆದುಕೊಂಡರು. “ಸೋತೆ ನೋಡ್ರಿ. ಇವತ್ತಿನ ಚಹಾ ನಂದು,” ಎಂದರು ಕೃಷ್ಣಾಜಿ. ಕ್ಲಾಸು ಉಳಿಯಿತು.

ಹಾಳೆ ಸಂಶಿಗೆ ಹೋಯಿತು. ಅಲ್ಲಿ ಪಾಠ ಹೇಳುವ ಸುಶೀಲವ್ವ ಅದನ್ನು ಬಹಳ ಮೆಚ್ಚಿ, ಕ್ಲಾಸಿಗೆ ಬಂದ ಹೆಂಗಸರಿಗೆ ಓದಿ ಹೇಳಿದಳು. ಹೆಂಗಸರ ನಡುವೆ ರಾಮವ್ವನ ನಾದಿನಿ ಕೂತಿದ್ದಳು. ರಾಮವ್ವನನ್ನು ಕೊಟ್ಟದ್ದು ಸಂಶಿಗೇ ಎಂಬುದು ನರ್ಮದಾಳಿಗೆ ತಿಳಿದಿರಲಿಲ್ಲ. ಅವಳು ಕೇಳಿಯೂ ಇರಲಿಲ್ಲ.

ಕ್ಲಾಸು ಮುಗಿಸಿದವರ ತಿಂಗಳ ಮರುಪಾಠಕ್ಕೆ ಮೈಲಾರವ್ವ ಎರಡು ಸಲ ಬರದೇ ಹೋದಾಗ ನರ್ಮದಾ ದೇವಿಕೊಪ್ಪದ ಬಸ್ಸು ಹತ್ತಿದಳು. ಮುದುಕಿ ಕಟ್ಟೆಯ ಮೇಲೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು.

“ಬರ್ರಿ ಬಾಯಾರ, ಕುಂದರ್ರಿ.” ದನಿಯಲ್ಲಿ ಬಿರುಸೇನೂ ಇರಲಿಲ್ಲ. “ರಾಮವ್ವ ಬಂದಿದ್ಲು. ನಿಂತ ಕಾಲಮ್ಯಾಗ ಕೇಳಿದ್ಲು. ಹೌದವ್ವಾ ಅಂದೆ. ನೀರೂ ಕುಡೀಲಿಲ್ಲ, ಹೊಳ್ಳಿ ಹೋದ್ಲು.”

“ನಾ ಹೆಸರು ಹೇಳಿರಲಿಲ್ಲ, ಮೈಲಾರವ್ವಾ.”

“ಹೆಸರು ಯಾಕ ಬೇಕ್ರಿ? ಈ ಊರಾಗ ಸೂಲಗಿತ್ತೇರು ಇಬ್ಬರು. ಇನ್ನೊಬ್ಬಾಕಿಗೆ ಮಕ್ಕಳ ಇಲ್ಲ.”

ಮೊರ ಎರಡು ಸಲ ಎದ್ದು ಬಿತ್ತು.

“ಬೈದುಬಿಡು ನನಗ.”

“ಯಾಕ ಬೈಲಿ? ಸುಳ್ಳ ಹೇಳೀರೇನು? ಸಾಯೂ ಮುಂದ ನಾನ ಹೇಳಿ ಸಾಯಬೇಕು ಅನಕೊಂಡಿದ್ದೆ. ನನ್ನ ಬಾಯಿಂದ ಕೇಳಿದ್ರ ಅತ್ತಿರತಿದ್ಲು. ನನ್ನ ತೊಡಿಮ್ಯಾಗ ಬಿದ್ದು ಅಳತಿದ್ಲು, ಬಡೀತಿದ್ಲು. ಮಂದಿ ಬಾಯಿಂದ ಕೇಳಿ ಅಳಾಕೂ ಆಗಲಿಲ್ಲ ಆಕಿಗೆ.” ಅವಳು ಅಕ್ಕಿಯಿಂದ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. “ಈಗ ಆಕಿಗೆ ಮತ್ತ ಏಳು ತಿಂಗಳು ತುಂಬ್ಯಾವ. ಹಡ್ಯಾಕ ಇಲ್ಲಿಗೆ ಬರೂದಿಲ್ಲಂತ. ಊರ ಕೂಸಿನ್ನೆಲ್ಲಾ ಈಗ ಚೊಲೋ ಕೈಲೆ ಹಿಡೀತೀನ್ರಿ. ನನ್ನ ಮಗಳ ಕೂಸಿಗೆ ಈ ಕೈ ಬ್ಯಾಡಾತು.”

ಹೊರಡುವಾಗ ಮೈಲಾರವ್ವ ಒಳಗಿನಿಂದ ಒಂದು ಹಸಿರು ಕುಬಸ ತಂದಳು. ಬಸುರಿ ಮಗಳಿಗೆ ತವರಿನಿಂದ ಕೊಡುವ ರವಿಕೆ. ಹೊಲಿಗೆಯೆಲ್ಲ ಕೈಯದೇ, ದಪ್ಪ ದಪ್ಪ.

“ನಿಮ್ಮ ಕೈಲೆ ಮುಟ್ಟಸ್ರಿ. ನಾ ಕೊಟ್ಟೆ ಅನಬ್ಯಾಡ್ರಿ.”

ಮರುದಿನ ಮುಂಜಾನೆ ಸಂಶಿಯಲ್ಲಿ ರಾಮವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹೊಟ್ಟೆ ತೊಡೆಗೆ ತಾಗುತ್ತಿತ್ತು. ನರ್ಮದಾ ತಾನು ಯಾರೆಂದು ಹೇಳಿದಳು. ಹಾಳೆಯಲ್ಲಿದ್ದದ್ದು ತನ್ನ ಮಾತೆಂದೂ ಹೇಳಿದಳು. ರಾಮವ್ವ ತಲೆಯೆತ್ತಲಿಲ್ಲ. ಕುಬಸವನ್ನು ಮುಂದೆ ಹಿಡಿದಾಗ ಕೈಗಂಟಿದ ಹಿಟ್ಟು ಒರೆಸಿಕೊಂಡು ತೆಗೆದುಕೊಂಡಳು, ತೋಳಿನ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು.

“ಯಾರು ಕೊಟ್ಟರು?”

ನರ್ಮದಾ ಸುಮ್ಮನಿದ್ದಳು.

“ಈಗ ಹೇಳಾಕ ಬರವಲ್ದೇನ್ರಿ?” ಎಂದಳು ರಾಮವ್ವ.

ಕುಬಸವನ್ನು ಮಡಚಿ, ಹಿಟ್ಟು ತಾಗದ ಹಾಗೆ ಗೋಡೆಯ ಗೂಡಿನಲ್ಲಿಟ್ಟು, ಮತ್ತೆ ಹಲಗೆಯ ಮುಂದೆ ಕೂತಳು. ನರ್ಮದಾ ಅಂಗಳಕ್ಕೆ ಇಳಿದು ಚಪ್ಪಲಿ ಮೆಟ್ಟುವ ತನಕ ಒಳಗಿನಿಂದ ಸದ್ದು ಬರಲಿಲ್ಲ. ಅವಳು ಓಣಿಯ ತಿರುವಿಗೆ ಬಂದ ಮೇಲೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು, ಮೊದಲು ತಡೆತಡೆದು, ಆಮೇಲೆ ಒಂದೇ ಸಮ.