ಕೊನೆಯ ಬನ್ನು, ಸೊನ್ನೆ ವೋಲ್ಟು

೧.
ಹೇಗೆ ಶುರು ಮಾಡಲಿ? "ಢಮಾರ್! ಬೋರ್ಡಿನಿಂದ ಹೊಗೆ ಎದ್ದಿತು" ಎಂದು ಬರೆದೆ. ಕಥೆಯ ಫ್ಯೂಸೇ ಹೋಯಿತು. (ಹನ್ನೆರಡು ವೋಲ್ಟನ್ನು ಇಳಿಸಿ ಕೊಡುವ ಕನ್ವರ್ಟರನ್ನೂ ಒಮ್ಮೆಲೇ ಎಬ್ಬಿಸಿದರೆ ಕರೆಂಟು ನುಗ್ಗಿ ಕೆಟ್ಟು ಕೂರುತ್ತದೆ. ಮೆಲ್ಲಗೆ ಏಳಪ್ಪಾ ಎನ್ನುವ ಏರ್ಪಾಡೇ ಸಾಫ್ಟ್ ಸ್ಟಾರ್ಟ್.) ಹರಿದು ಹಾಕಿದೆ.

೨.
ಸರಿ, ಮೆಲ್ಲಗೇ ಹೇಳುತ್ತೇನೆ. ಚಳಿದೇಶದ ವೆಸ್ತೆರೋಸ್ ಊರಿನ ನಮ್ಮ ಲ್ಯಾಬು. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆ ಎಂಜಿನಿಯರ್ ಗುನ್ವೋರಳ ಕನಸು. ಇವತ್ತು ಊಟದ ಹೊತ್ತಿಗೆ ಅದರ ಹಸಿರು ದೀಪ ಹತ್ತದಿದ್ದರೆ ಮೇಲಿನವರು ಬಂದು ಯೋಜನೆ ರದ್ದು ಮಾಡುತ್ತಾರೆ. ಒಳಗೆ ಎರಡು ಕನ್ವರ್ಟರ್, ಒಂದು ಅವಳು ಮಾಡಿದ್ದು, ಇನ್ನೊಂದು ಅವಳ ಜೊತೆಗಾರ ಟೋರ್ಕೆಲ್ ಮಾಡಿದ್ದು. ಒಂದು ಮುಂದೆ ಏರಬೇಕು, ಇನ್ನೊಂದು ಅದರ ಬೆನ್ನು ಹಿಡಿಯಬೇಕು. ಟ್ರ್ಯಾಕಿಂಗ್ ಎಂದರೆ ಅಷ್ಟೇ. ಸ್ವಿಚ್ ಹಾಕಿದರು. ಮೀಟರಿನಲ್ಲಿ ಸೊನ್ನೆ.

"ನಿಂದು ಯಾರನ್ನ ಹಿಂಬಾಲಿಸ್ತಿದೆ?" ಎಂದಳು ಗುನ್ವೋರ್.

"ನಿಂದನ್ನ. ನಿಂದು?"

"ನಿಂದನ್ನೇ ಕಣೋ! ನೀನೇ ಮುಂದೆ ಹೋಗ್ಲಿ ಅಂತ ಬಿಟ್ಟಿದ್ದೆ."

"ಅಯ್ಯೋ, ನಾನೂ ಅಷ್ಟೇ. ಮುಂದೆ ನುಗ್ಗೋದು ಚೆನ್ನಾಗಿರಲ್ವಲ್ಲ."

೨, ಮತ್ತೊಮ್ಮೆ.
"ಏಯ್ ಕಥೆಗಾರ, ನಮ್ಮನ್ನ ಪೆದ್ದರ ಥರ ಬರೀಬೇಡ," ಎಂದ ಟೋರ್ಕೆಲ್.

"ಮತ್ತೆ ಒಬ್ಬರು ಆ ಹಿಂಬಾಲಿಸೋ ವೈರು ಕಿತ್ತು ಮುಂದೆ ಹೋಗ್ರೋ ಮಾರಾಯ್ರೆ!" ಎಂದೆ ನಾನು.

"ಅವಳು ಹೋಗ್ಲಿ."

"ಇಲ್ಲ, ಅವನು ಹೋಗ್ಲಿ."

(ಇಬ್ಬರೂ ಕಿತ್ತರೆ ಹಿಂದುಮುಂದಿಲ್ಲದೆ ಎದ್ದು ಚಿಪ್ ಸುಟ್ಟುಹೋಗುತ್ತದೆ. ಆ ಅಂತ್ಯ ಬರೆದು ಹೊಡೆದು ಹಾಕಿದೆ. ಇಬ್ಬರಿಗೂ ಮದುವೆ ಮಾಡಿಸಿದ ಅಂತ್ಯವೂ ಇತ್ತು. ಪ್ರಸ್ತಾಪ ಯಾರು ಮಾಡಬೇಕೆಂದು ಇನ್ನೂ ಕಾಯುತ್ತಿದ್ದಾರೆ.)

೫.
(ಮೂರು, ನಾಲ್ಕು ಕಸದ ಬುಟ್ಟಿಯಲ್ಲಿವೆ.) ಕಾಫಿ ಹೊತ್ತು. ತಟ್ಟೆಯಲ್ಲಿ ಕೊನೆಯ ದಾಲ್ಚಿನ್ನಿ ಬನ್ನು. ಈ ಊರಲ್ಲಿ ಕೊನೆಯದಕ್ಕೆ ಯಾರೂ ಕೈ ಹಾಕುವುದಿಲ್ಲ, ಅದು ಮರ್ಯಾದೆಗೇಡು. ಒಬ್ಬರು ಅರ್ಧ ಕತ್ತರಿಸಿಕೊಂಡರು, ಮತ್ತೊಬ್ಬರು ಅರ್ಧದಲ್ಲಿ ಅರ್ಧ. ಉಗುರಿನಷ್ಟು ಉಳಿದ ಚೂರನ್ನೂ ಟೋರ್ಕೆಲ್ ಚಾಕು ಹಿಡಿದು ಎರಡು ಮಾಡಹೊರಟ.

ಗುನ್ವೋರಳಿಗೆ ರೇಗಿತು. "ಅಲ್ಲಿ ಕೂಸುಗಳು ಚಳೀಲಿ ನಡುಗ್ತಿದಾವೆ, ಇಲ್ಲಿ ನಾವು ಬನ್ನು ಕೊಯ್ತಾ ಕೂತಿದೀವಿ!"

ಚೂರನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡಳು. ಟೋರ್ಕೆಲ್‌ನ ಚಾಕು ಖಾಲಿ ತಟ್ಟೆಯ ಮೇಲೇ ಉಳಿಯಿತು. ಬಾಯಿ ಒರೆಸಿಕೊಂಡವಳೇ ಹೋಗಿ ತನ್ನ ವೈರು ಕತ್ತರಿಸಿದಳು, ಸಾಫ್ಟ್ ಸ್ಟಾರ್ಟಿನ ಪುಟ್ಟ ಕೆಪಾಸಿಟರ್ ಬೆಸೆದಳು, ಸ್ವಿಚ್ ಹಾಕಿದಳು.

"ನಾನೇ ಮುಂದೆ. ಬಾರೋ ಹಿಂದೆ."

ಸೊನ್ನೆ ಅಲುಗಿತು. ಪರದೆಯ ಮೇಲೆ ಅವಳ ವೋಲ್ಟಿನ ಗೆರೆ ಮೆಲ್ಲಗೆ ಏರಿತು, ಅದರ ಬೆನ್ನಿಗೇ ಟೋರ್ಕೆಲ್‌ನದು. (ನಿಜದಲ್ಲಿ ಇದು ರೆಪ್ಪೆ ಬಡಿಯುವಷ್ಟರ ಕೆಲಸ. ಎಳೆಯುತ್ತಿರುವವನು ನಾನು.) ಹೊರಗೆ ಮೇಲಿನವರ ಬೂಟಿನ ಸದ್ದು.

ದೀಪ ಹತ್ತಿತೇ ಎನ್ನುತ್ತೀರಿ. ಉಳಿದಿರುವುದು ಒಂದೇ ವಾಕ್ಯ. ಇಷ್ಟು ವರ್ಷ ಇಲ್ಲಿದ್ದು ಕೊನೆಯದಕ್ಕೆ ಕೈ ಹಾಕಲು ನನಗೂ ನಾಚಿಕೆ. ಅರ್ಧ ಮಾತ್ರ ತೆಗೆದುಕೊಳ್ಳುತ್ತೇನೆ, ಮಿಕ್ಕಿದ್ದು ನಿಮಗೆ:

ಗುನ್ವೋರ್ ಕಣ್ಣು ಮುಚ್ಚಿಕೊಂಡಳು, ಆಗ ಹಸಿರು ದೀಪ