ಕಲ್ಯಾಣಿಯ ಆಟದಲ್ಲಿ ಏಳು ನೀಹಾರಿಕೆಗಳ ಝುರಂಗ

ಏಳು ನೀಹಾರಿಕೆಗಳಲ್ಲಿ ಝುರಂಗನ ಹೆಸರು ಕೇಳಿದರೆ ಕಾವಲುಗೋಪುರಗಳು ತಾವಾಗಿಯೇ ದೀಪ ಆರಿಸಿಕೊಳ್ಳುತ್ತಿದ್ದವು. ಅವಳಿ ಸೂರ್ಯರ ನಾಡಿನಿಂದ ಒಂದು ಸೂರ್ಯನನ್ನು ಕದ್ದು, ಅಳುವುದಕ್ಕೂ ಬೆಳಕು ಬೇಕೆಂದು ಇನ್ನೊಂದನ್ನು ಬಿಟ್ಟುಬಂದವನು ಅವನು. ಮೀಸೆಯ ತುದಿಗಳಲ್ಲಿ ಎರಡು ನೀಲಿ ಕಿಡಿ. ಹೆಗಲಿನಿಂದ ಹಿಮ್ಮಡಿಯವರೆಗೆ, ಸತ್ತ ನಕ್ಷತ್ರಗಳನ್ನು ಕಸೂತಿ ಹಾಕಿದ ನಿಲುವಂಗಿ. ದರೋಡೆಗೆ ಹೊರಡುವ ಮುನ್ನ ಕನ್ನಡಿಯ ಮುಂದೆ ಅರ್ಧ ದಿನ ನಿಲ್ಲುತ್ತಿದ್ದ. ಲೂಟಿಯಾದವರು ತನ್ನನ್ನು ಸರಿಯಾಗಿ ನೋಡಲಿಲ್ಲವೆನ್ನಿಸಿದರೆ ಮರಳಿ ಹೋಗಿ ಮತ್ತೆ ಲೂಟಿ ಮಾಡುತ್ತಿದ್ದ.

ಆದರೆ ವ್ಯೋಮಚೋರರ ಸಂಘದ ನಿಯಮ ಕಠಿಣವಾಗಿತ್ತು. ಪ್ರತಿಯೊಬ್ಬ ನಾಯಕನೂ ವರ್ಷಕ್ಕೊಮ್ಮೆ ಯಾವುದಾದರೊಂದು ಹೊಸ ಲೋಕದಿಂದ, ಒಡೆಯ ಅಂಜಿ ಅಪ್ಪಿಹಿಡಿದ ಒಂದು ವಸ್ತುವನ್ನು ಕಸಿದು ತರಬೇಕು. ಕೊಟ್ಟದ್ದು ಸಲ್ಲದು, ಬಿದ್ದು ಸಿಕ್ಕಿದ್ದು ಸಲ್ಲದು. ಒಡೆಯನ ಅಂಜಿಕೆಯನ್ನು ನೌಕೆಯೊಳಗಿನ ಮುಳ್ಳೊಂದು ಅಳೆಯುತ್ತಿತ್ತು. ತಪ್ಪಿದರೆ ನೌಕೆ ನಾಯಕನನ್ನು ಅಲ್ಲಿಯೇ ಬಿಟ್ಟು ಸಂಘಕ್ಕೆ ಹಾರಿಹೋಗುವುದು. ಆ ವರ್ಷವನ್ನೆಲ್ಲ ಝುರಂಗ ನಿಲುವಂಗಿಯ ಕಸೂತಿಗೇ ಕಳೆದುಬಿಟ್ಟಿದ್ದ. ಗಡುವಿನ ಕೊನೆಯ ದಿನ, ಸೂರ್ಯಾಸ್ತಕ್ಕೆ ನಾಲ್ಕು ಗಂಟೆ ಉಳಿದಿರುವಾಗ, ಅವನ ಕೈಗೆ ಹತ್ತಿರವಿದ್ದ ಹೊಸ ಲೋಕ ಒಂದೇ: ಭೂಮಿ. ಅಲ್ಲಿ ಆಗ ಸಾವಿರದ ಒಂಬೈನೂರ ನಲವತ್ತೊಂಬತ್ತನೆಯ ಇಸವಿಯ ಮಾಘಮಾಸ.

ಮೊದಲು ಅವನು ಇಳಿದದ್ದು ಹುಮನಾಬಾದಿನ ದವಸದ ಪೇಟೆಯ ಹಿಂದೆ. ಕಿಡಿಮೀಸೆ ತಿರುವುತ್ತ ಅಡತಿ ಅಂಗಡಿಯ ಬಸವಣಪ್ಪನ ಮುಂದೆ ನಿಂತು, "ಇರುವುದನ್ನೆಲ್ಲ ಒಪ್ಪಿಸು!" ಎಂದು ಗರ್ಜಿಸಿದ.

ಬಸವಣಪ್ಪ ತಲೆ ಎತ್ತಲಿಲ್ಲ. "ಸರ್ಕಾರದ ಲೆವಿ ಕಾಳಿನವರೇನ್ರಿ? ನಿನ್ನೆನೇ ಬಂದು ಒಯ್ದಾರ್ರಿ. ಮೊನ್ನೆ ಬ್ಯಾರೆಯವರು ಒಯ್ದಿದ್ರು. ನಿಮ್ದು ಯಾವ ಖಾತೆ? ಖಾಲಿ ಚೀಲ ಅವ, ಬೇಕಾದ್ರ ಒಯ್ರಿ."

"ಕೊಟ್ಟದ್ದು," ಎಂದಿತು ಝುರಂಗನ ಕಿವಿಯಲ್ಲಿ ನೌಕೆಯ ಧ್ವನಿ. "ಸಲ್ಲದು."

ಅವಮಾನದಿಂದ ಮೀಸೆಯ ಒಂದು ಕಿಡಿ ಆರಿಹೋಯಿತು. ಅದನ್ನು ಹೊತ್ತಿಸಿಕೊಂಡು ಅವನು, ಜನ ಆಗ ಕಲ್ಯಾಣಿ ಎನ್ನುತ್ತಿದ್ದ ಇಂದಿನ ಬಸವಕಲ್ಯಾಣದ ಕಡೆಗೆ ಹಾರಿದ. ಅಲ್ಲಿ ಕೋಟೆಯ ಕೆಳಗಿನ ಬಯಲಿನಲ್ಲಿ ಐನೂರು ಜನ ಕೂಡಿದ್ದರು. ಇಷ್ಟು ಕಣ್ಣುಗಳು ಒಟ್ಟಿಗೆ ಸಿಗುವುದು ದರೋಡೆಕಾರನ ಪುಣ್ಯ.

ಆ ಜನ ಕೂಡಿದ್ದು ದೊಡ್ಡಾಟ ನೋಡಲು. ಹಿಂದಿನ ವರ್ಷದ ಗಲಭೆ, ಹೈದರಾಬಾದ್ ಸಂಸ್ಥಾನಕ್ಕೆ ದಿಲ್ಲಿಯ ಸೈನ್ಯದ ಆಗಮನ ಎಲ್ಲ ಕಳೆದ ಮೇಲೂ ಕತ್ತಲಾದ ಮೇಲೆ ನಾಲ್ವರು ಸೇರಕೂಡದೆಂಬ ಹುಕುಂ ಉಳಿದುಕೊಂಡಿತ್ತು. ಇರುಳಿಡೀ ನಡೆಯಬೇಕಾದ ಆಟಕ್ಕೆ ಮಧ್ಯಾಹ್ನದಿಂದ ಸೂರ್ಯಾಸ್ತದವರೆಗೆ ಮಾತ್ರ ಪರವಾನಗಿ. ಹೀಗಾಗಿ ರಾಕ್ಷಸರ ಮೋರೆಯ ಬಣ್ಣ ಬಿಸಿಲಿಗೆ ಕರಗುತ್ತಿತ್ತು. ಉಸ್ತುವಾರಿಗೆ ಹುಮನಾಬಾದಿನಿಂದ ತಹಸೀಲು ಕಚೇರಿಯ ಒಬ್ಬ ಪೇಶಕಾರ ಸಾಹೇಬರು ಟಾಂಗಾದಲ್ಲಿ ತಮ್ಮ ಬೆತ್ತದ ಕುರ್ಚಿಯೊಡನೆ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಹಳೆಯ ಸರ್ಕಾರದಲ್ಲಿ ಅವರ ತಲೆಯ ಮೇಲೆ ಕೆಂಪು ತುರ್ಕಿ ಟೋಪಿಯಿತ್ತು. ಹೊಸದರಲ್ಲಿ ಬಿಳಿ ಟೋಪಿ. ಕುರ್ಚಿ ಮಾತ್ರ ಅದೇ.

ಆಟದ ಯಜಮಾನ ಮಹಾರುದ್ರಪ್ಪ ಬೆವರುತ್ತಿದ್ದ. ರಾಕ್ಷಸನ ಪಾತ್ರದ ಮಚ್ಚೇಂದ್ರ ಬಂದಿರಲಿಲ್ಲ.

"ಅಂವನ ಬಸ್ಸು ಮನ್ನಾಏಖೇಳ್ಳಿಯಾಗ ಕೆಟ್ಟು ನಿಂತದಂತ, ಅಣ್ಣಾ," ಎಂದ ಮದ್ದಳೆಯ ಇಸ್ಮಾಯಿಲ.

"ಮತ್ತ ರಾಕ್ಷಸ ಯಾರಾಗ್ತಾರ? ನೀ ಆಗ್ತೀಯೇನು?"

"ನಾ ರಾಕ್ಷಸ ಆದ್ರ ಮದ್ದಳಿ ನಿಮ್ಮ ಮಾವ ಬಂದು ಬಾರಿಸ್ತಾನೇನು?"

ಅಷ್ಟರಲ್ಲಿ ಕೋಟೆಗೋಡೆಯ ಹಿಂದಿನಿಂದ, ನಿಲುವಂಗಿಯ ನಕ್ಷತ್ರಗಳನ್ನು ಬಿಸಿಲಿಗೆ ತೂರುತ್ತ, ಝುರಂಗ ನಡೆದುಬಂದ.

"ಬದಲಿ ಕಳಿಸ್ಯಾನ ನಮ್ಮ ಮಚ್ಚೇಂದ್ರ!" ಮಹಾರುದ್ರಪ್ಪನ ಜೀವ ಮರಳಿತು. "ವೇಷ ನೋಡೋ ಹ್ಯಾಂಗದ! ಸೋಲಾಪುರದ ಬಾಡಿಗಿ ಇರಬೇಕು." ಅವನು ಝುರಂಗನ ರಟ್ಟೆ ಹಿಡಿದು ರಂಗಕ್ಕೆ ಹತ್ತಿಸಿ, ಪಾತ್ರಗಳನ್ನು ಮಾತಾಡಿಸುವ ಸಾರಥಿಯಾಗಿ ಕೈಮುಗಿದು ರಾಗವೆಳೆದ: "ಭಲಾ! ಮಾನ್ಯರೇ, ತಾವು ಧಾರು? ತಮ್ಮ ನಾಮಾಂಕಿತವೇನು? ಈ ರಂಗಸ್ಥಳಕ್ಕೆ ಬಂದಂಥ ಕಾರಣವೇನು?"

ಝುರಂಗನ ಎದೆ ತುಂಬಿಬಂತು. ಅವನನ್ನು ಕಂಡವರು ಓಡಿದ್ದರು, ಮೂರ್ಛೆ ಹೋಗಿದ್ದರು. ಕೈಮುಗಿದು ಹೆಸರು ಕೇಳಿದವರು ಯಾವ ನೀಹಾರಿಕೆಯಲ್ಲೂ ಇರಲಿಲ್ಲ. ಅವನು ಕಸೂತಿಯಲ್ಲಿ ಮುಳುಗಿದ್ದಾಗ ಮೂರು ದಿನ ಮೇಲಿನಿಂದ ಇದೇ ಆಟದ ತಾಲೀಮು ಆಲಿಸಿದ್ದ ನೌಕೆ, ಅದೇ ಗತ್ತಿನ ನುಡಿಯನ್ನು ಅವನ ಗಂಟಲಿಗೆ ತುಂಬಿತ್ತು.

"ಎಲೈ ಸಾರಥಿ! ಏಳು ನೀಹಾರಿಕೆಗಳನ್ನು ಸೂರೆಗೈದ ಝುರಂಗ ಭೂಪನೆಂದು ತಿಳಿ! ಅವಳಿ ಸೂರ್ಯರಲ್ಲಿ ಒಬ್ಬನನ್ನು ಹೊತ್ತೊಯ್ದವನೆಂದು ತಿಳಿ!"

ಮುಂದಿನ ಸಾಲಿನಲ್ಲಿ ಚಾಪೆಯ ಮೇಲಿದ್ದ ಮುದುಕಿ ಸಂಗಮ್ಮ ತುಟಿ ಚಾಚಿದಳು. "ಒಂದೇ ಸೂರ್ಯ? ಹ್ವಾದ ಸಲದ ರಾಕ್ಷಸ ಇಡೀ ಭೂಮೀನ ಚಾಪಿ ಸುತ್ತಿದಂಗ ಸುತ್ಕೊಂಡು ಹೋಗಿದ್ದ."

ಜನ ನಕ್ಕರು. ಝುರಂಗ ಧ್ವನಿ ಏರಿಸಿದ: "ನಗರಗಳನ್ನು ಸುಟ್ಟವನು ನಾನು! ಒಂದೇ ಹಗಲಿನಲ್ಲಿ ಒಂಬತ್ತು ಊರು ಬೂದಿ ಮಾಡಿದವನು!"

ನಗೆ ನಿಂತಿತು. ಬಳೆಗಾರ್ತಿ ಸರ್ದಾರಬಿ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದಳು: "ಆ ಮಾತು ಬಿಡಪ್ಪಾ ಬೇಟಾ. ಅದು ನಾವು ನೋಡೇ ಬಂದೀವಿ. ಬ್ಯಾರೆ ಏನರ ಹೇಳು."

ಬೇರೆ ಏನು ಹೇಳುವುದು? ಅವನ ಸಾಹಸಗಳೆಲ್ಲ ಒಂದೇ ಕಾವ್ಯದ ಬೇರೆ ಬೇರೆ ಪ್ರತಿಗಳಾಗಿದ್ದವು. ಸೂರ್ಯ ಕೋಟೆಯ ಬುರುಜಿನತ್ತ ಜಾರುತ್ತಿದ್ದ. ಝುರಂಗ ಕಿರಣದ ಕೋವಿಯನ್ನು ಎಳೆದು, ರಂಗದ ಬಲಗಂಬಕ್ಕೆ ಗುರಿಯಿಟ್ಟ. ಕಂಬ ಇದ್ದಲ್ಲಿಯೇ ಇಲ್ಲವಾಯಿತು.

ಆಮೇಲೆ ಬಯಲು ಒಡೆದುಹೋಗುವಂತೆ ಚಪ್ಪಾಳೆ. "ವನ್ಸ್ ಮೋರ್!"

ನಡುಗಬೇಕಾದ ಜನ ಹೀಗೆ ಕೂಗಿದಾಗ ಕೋಪ ಬರಬೇಕಿತ್ತು. ಆದರೆ ಅಷ್ಟು ಜನ ತನ್ನನ್ನೇ ನೋಡುತ್ತಿರುವಾಗ ಒಲ್ಲೆನೆನ್ನುವ ಶಕ್ತಿ ಅವನಲ್ಲಿರಲಿಲ್ಲ. ನಿಲುವಂಗಿ ಬೀಸಿ ಒಂದು ಸುತ್ತು ತಿರುಗಿ ಎಡಗಂಬವನ್ನೂ ಇಲ್ಲವಾಗಿಸಿದ. ಮೇಲಿನ ಚಪ್ಪರ ಮಹಾರುದ್ರಪ್ಪನ ಮೇಲೆ ಕುಸಿಯಿತು.

ಚಪ್ಪರದೊಳಗಿಂದ ಹೊರಬಂದ ಮಹಾರುದ್ರಪ್ಪ ಬೈಯಲಿಲ್ಲ. ಕೈಯೆತ್ತಿ ಆಟ ನಿಲ್ಲಿಸಿದ. ಆಯೇರಿಯ ಹೊತ್ತು ಬಂದಿತ್ತು. ಮೆಚ್ಚಿದ ಪಾತ್ರಧಾರಿಗೆ ಜನ ರಂಗಕ್ಕೇ ಬಂದು ಕಾಣಿಕೆ ಕೊಡುವುದು, ಯಜಮಾನ ಅವರ ಹೆಸರು ಕೂಗಿ ಹೇಳುವುದು ಅಲ್ಲಿಯ ವಾಡಿಕೆ.

"ದರ್ಜಿ ಅಜೀಮುದ್ದೀನ್ ಅವರು ರಾಕ್ಷಸನ ಪಾತ್ರಕ್ಕೆ ಖುಷಿಯಾಗಿ ಒಂದು ಟವೆಲ್ ಆಯೇರಿ ಮಾಡ್ಯಾರ!"

"ಭಿಕ್ಷುಕನಲ್ಲ ನಾನು!" ಝುರಂಗ ಕಿರುಚಿದ. "ಕಸಿದುಕೊಳ್ಳುವವನು!"

"ಆಹಾ, ಮಾತು ನೋಡು!" ಎಂದು ಅಜೀಮುದ್ದೀನ್ ಅವನ ಹೆಗಲಿಗೆ ಟವೆಲ್ ಹೊದಿಸಿದ. ಹಿಂದೆಯೇ ತೆಂಗಿನಕಾಯಿ, ಜೋಳದ ತೆನೆ, ಎರಡು ಬೆಲ್ಲದಚ್ಚು ಬಂದವು.

"ಕೊಟ್ಟದ್ದು. ಕೊಟ್ಟದ್ದು. ಕೊಟ್ಟದ್ದು," ಎನ್ನುತ್ತಲೇ ಇತ್ತು ನೌಕೆ. "ನಾಯಕರೇ, ಇನ್ನು ಕಾಲು ಗಂಟೆ."

ಝುರಂಗ ರಂಗದಿಂದ ಜಿಗಿದು ಸಂಗಮ್ಮನ ಬೆಳ್ಳಿ ಕಡಗಕ್ಕೆ ಕೈಹಾಕಿದ. ಅವಳು ಕೈ ಹಿಂದೆಗೆಯಲಿಲ್ಲ. ಒಣಗಿದ ಮಣಿಕಟ್ಟಿನಿಂದ ಕಡಗ ತಾನಾಗಿಯೇ ಜಾರಿ ಅವನ ಅಂಗೈಗೆ ಬಿತ್ತು.

"ತಗೋ, ನನ್ನಪ್ಪ."

"ಅಂಜಿಕೆಯಿಲ್ಲವೇ ನಿನಗೆ?" ಅವನ ಧ್ವನಿ ಒಡೆದಿತ್ತು.

"ಹಿಡಕೊಂಡು ಅಂಜಿದ್ದು ಸಾಕಾಗ್ಯದ. ಒಮ್ಮೆ ಅವರು ಬಂದ್ರು, ಒಮ್ಮೆ ಇವರು ಬಂದ್ರು. ನೀ ಕುಣದು ತಗೊಳ್ಳಾಕತ್ತಿ. ಒಯ್ಯಿ."

"ನನ್ನವೂ ಒಯ್ಯಿ, ಬೇಟಾ," ಎಂದು ಸರ್ದಾರಬಿ ಬಳೆ ಪೋಣಿಸಿದ ಮಲಾರವನ್ನೇ ಮುಂದಿಟ್ಟಳು. "ಹುಷಾರಿ, ಗಾಜಿನವು."

ಏಳು ನೀಹಾರಿಕೆಗಳ ಭಯದ ಮೇಲೆ ಕಟ್ಟಿದ ಝುರಂಗನ ಬದುಕು, ಭಯ ಮುಗಿದುಹೋದ ಒಂದು ಬಯಲಿನಲ್ಲಿ ಬಂದು ನಿಂತಿತ್ತು. ಅವನಿಗೆ ಕೂರಬೇಕೆನಿಸಿತು. ಬಯಲಿನಲ್ಲಿದ್ದದ್ದು ಒಂದೇ ಕುರ್ಚಿ.

"ಸ್ವಲ್ಪ ಸರಿಯಿರಿ," ಎಂದ ಅವನು, ಜೀವನದಲ್ಲಿ ಮೊದಲ ಬಾರಿಗೆ ವಿನಯದಿಂದ.

ಪೇಶಕಾರರ ಮುಖ ಬಿಳಿಚಿತು. ಎರಡೂ ಕೈಗಳಿಂದ ಕುರ್ಚಿಯ ತೋಳುಗಳನ್ನು ಬಿಗಿಹಿಡಿದರು. "ಯಾಕ? ಯಾರು ಕಳಿಸ್ಯಾರ ನಿಮಗ? ಹೈದರಾಬಾದಿನವರೇನ್ರಿ? ದಿಲ್ಲಿಯವರೇನ್ರಿ?"

ಝುರಂಗ ನಿಂತುಬಿಟ್ಟ. ಕಿವಿಯಲ್ಲಿ ನೌಕೆ ಉಸಿರು ಬಿಗಿಹಿಡಿದಂತೆ ಹೇಳಿತು: "ನಾಯಕರೇ, ಮುಳ್ಳು ಅಲುಗಿತು."

ಅವನು ಕುರ್ಚಿಯ ಕಾಲಿಗೆ ಕೈಹಾಕಿ ಎಳೆದ. ಪೇಶಕಾರರೂ ಕುರ್ಚಿಯೊಡನೆ ಜಾರುತ್ತ ಬಂದರು. "ತಪ್ಪೇನದ ನಂದು? ಹಳಬರಿಗೂ ಸಲಾಮ್ ಮಾಡೀನಿ, ಹೊಸಬರಿಗೂ ಕೈ ಮುಗದೀನಿ! ಟೋಪಿ ತಗೋರಿ ಬೇಕಾದ್ರ! ಹಳೇ ಟೋಪಿ ಮನ್ಯಾಗ ಜೋಪಾನ ಇಟ್ಟೀನಿ, ಅದೂ ಕೊಡ್ತೀನಿ! ಇದೊಂದು ಬಿಡ್ರಿ!"

"ಬಿಡಬೇಡಿ, ನಾಯಕರೇ!" ನೌಕೆ ಕೂಗಿತು. "ಮುಳ್ಳು ತುದಿ ಮುಟ್ಟಿದೆ!"

ಕೊನೆಯ ಬಿಸಿಲು ಬುರುಜಿನಿಂದ ಕಳಚುವಾಗ ಕುರ್ಚಿ ಝುರಂಗನ ಕೈಗೆ ಬಂತು. ಪೇಶಕಾರರು ಮಣ್ಣಿನಲ್ಲಿ ಕುಳಿತರು. ಸಂಗಮ್ಮ ಚಾಪೆಯ ಮೇಲೆ ಸರಿದು, "ಬರ್ರಿ ಸಾಹೇಬ್ರ, ಇಲ್ಲೂ ಜಾಗ ಅದ," ಎಂದಳು. ಅವರು ಬರಲಿಲ್ಲ, ಕುರ್ಚಿಯಿದ್ದ ನಾಲ್ಕು ಗುಳಿಗಳ ನಡುವೆಯೇ ಕುಳಿತು, ಸುತ್ತ ಯಾರಾದರೂ ತಮ್ಮ ಬಗ್ಗೆ ಬರೆದುಕೊಳ್ಳುತ್ತಿರುವರೇ ಎಂದು ನೋಡಿದರು.

ಕೋಟೆಯ ಹಿಂದೆ ನೌಕೆಯ ಬಾಗಿಲು ತೆರೆಯಲಿಲ್ಲ. ಕೊಟ್ಟ ವಸ್ತುಗಳು ಒಳಬರುವಂತಿರಲಿಲ್ಲ. ಝುರಂಗ ಕಡಗ, ಬಳೆಯ ಮಲಾರ, ತೆಂಗಿನಕಾಯಿ, ಬೆಲ್ಲ ಎಲ್ಲವನ್ನೂ ಕಲ್ಲಿನ ಮೇಲೆ ಇಟ್ಟ. ಟವೆಲನ್ನು ಎರಡು ಬಾರಿ ಮಡಿಚಿದ. ಮಡಿಕೆ ಸರಿಬರಲಿಲ್ಲವೆಂದು ಬಿಚ್ಚಿ ಮತ್ತೆ ಮಡಿಚಿ ಕಡಗದ ಪಕ್ಕದಲ್ಲಿಟ್ಟ. ಆ ದಿನದವರೆಗೆ ಅವನಿಗೆ ಯಾರೂ ಏನನ್ನೂ ಕೊಟ್ಟಿರಲಿಲ್ಲ. ಕೊಟ್ಟದ್ದನ್ನು ಹೇಗೆ ಇಡಬೇಕೆಂಬುದು ತಿಳಿದಿರಲಿಲ್ಲ.

ಸಂಘದ ಸಭೆಯಲ್ಲಿ ಅವನು ಕುರ್ಚಿಯನ್ನು ನಡುವೆ ಇಟ್ಟು, ಅದು ಚಕ್ರವರ್ತಿಯೊಬ್ಬನ ಸಿಂಹಾಸನವೆಂದೂ, ಬೆತ್ತದ ನಡುವಿನ ತೂತು ಮಹಾಯುದ್ಧದಲ್ಲಿ ಆದುದೆಂದೂ ಹೇಳಿದ. ಅದು ಅವನು ಹೇಳಿದ ಮೊದಲ ಸುಳ್ಳು. ಹಿರಿಯ ದರೋಡೆಕಾರ ಸಾಕ್ಷಿಗಾಗಿ ನೌಕೆಯತ್ತ ತಿರುಗಿದ.

"ಇಂಥ ಶುದ್ಧ ಭಯವನ್ನು ಏಳು ನೀಹಾರಿಕೆಗಳಲ್ಲಿಯೂ ಅಳೆದಿಲ್ಲ," ಎಂದಿತು ನೌಕೆ.

ಹಾಗಿದ್ದರೆ ಅದು ಚಕ್ರವರ್ತಿಯದೇ ಸರಿಯೆಂದು ಸಭೆ ಒಪ್ಪಿತು. ಝುರಂಗನಿಗೆ ನೌಕೆ ಉಳಿಯಿತು. ಹಿರಿಯ, ಲೂಟಿಯ ಗಟ್ಟಿತನ ಪರೀಕ್ಷಿಸುವುದಷ್ಟೇ ಎಂದು ಹೇಳಿ ಕುರ್ಚಿಯಲ್ಲಿ ಕುಳಿತ. ಸಭೆ ಮುಗಿಯಿತು, ದೀಪಗಳು ಒಂದೊಂದಾಗಿ ಆರಿದವು, ಉಳಿದವರು ತಮ್ಮ ತಮ್ಮ ನೌಕೆಗಳಿಗೆ ಹೊರಟರು. ಹಿರಿಯ ಮಾತ್ರ ಕುರ್ಚಿಯ ಎರಡೂ ತೋಳುಗಳನ್ನು ಹಿಡಿದುಕೊಂಡು, ಹತ್ತಿರ ಬಂದವರನ್ನೆಲ್ಲ ಕಿರುಗಣ್ಣಿನಿಂದ ನೋಡುತ್ತ, ಕುಳಿತೇ ಇದ್ದ.